ಇರುವೆಯ ಮನೆಯಲ್ಲಿ ನುಸಿಯ ಬಿಡಾರ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಮಾತು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲೂ ಉಂಟು. ದುಡಿದು ಕಟ್ಟುವವರು ಒಬ್ಬರು, ಬಂದು ನೆಲಸುವವರು ಮತ್ತೊಬ್ಬರು ಎಂಬ ಲೋಕಾನುಭವವನ್ನು ಅದು ಸಾರುತ್ತದೆ. ಹಾವು ದೊಡ್ಡ ಪ್ರಾಣಿ. ಆದ್ದರಿಂದ ಎಲ್ಲರ ಕಣ್ಣಿಗೂ ಬಿತ್ತು, ಗಾದೆಗೂ ಸೇರಿತು. ಆದರೆ ಇರುವೆಯ ಮನೆಯಲ್ಲಿ, ಬರಿಗಣ್ಣಿಗೆ ಧೂಳಿನ ಕಣದಂತೆ ಮಾತ್ರ ತೋರುವ ಇನ್ನೊಂದು ಬಗೆಯ ಬಿಡಾರಗಾರರು ಅನಾದಿಕಾಲದಿಂದ ವಾಸವಾಗಿದ್ದಾರೆ. ಇವರೇ ನುಸಿಗಳು. ಗಾಜಿನ ಗೂಡಿನಲ್ಲಿ ಇರುವೆಗಳನ್ನು ಸಾಕಿ ನೋಡುವ ವಿದ್ಯಾರ್ಥಿಗಳಿಗೆ ಇವುಗಳಷ್ಟು ಚಿಂತೆ ತರುವ ಶತ್ರು ಬೇರೊಂದಿಲ್ಲ. ಇವುಗಳಷ್ಟು ಪಾಠ ಹೇಳುವ ಗುರುವೂ ಬೇರೊಂದಿಲ್ಲ.

ಇರುವೆಯ ಸಂಸಾರವೊಂದನ್ನು ಸಾಕುವುದು ಬಹಳ ಅಗ್ಗದ, ಬಹಳ ಸ್ವಾರಸ್ಯದ ಹವ್ಯಾಸ. ಮುಂಗಾರಿನ ಹೊತ್ತಿಗೆ ನಮ್ಮ ದೊಡ್ಡ ಕರಿಯ ಕಟ್ಟಿರುವೆಗಳ ರಾಣಿಯರು ರೆಕ್ಕೆ ಬಿಚ್ಚಿ ಹಾರುತ್ತಾರೆ. ಕೂಡಿದ ಮೇಲೆ ನೆಲಕ್ಕಿಳಿದು ರೆಕ್ಕೆಗಳನ್ನು ಕಳಚಿಕೊಂಡು ಮರೆಯಾದ ಸಂದಿಯನ್ನು ಹುಡುಕುತ್ತಾರೆ. ಅಂಥ ಒಬ್ಬ ರಾಣಿಯನ್ನು ಗಾಜಿನ ಪ್ರನಾಳದಲ್ಲಿರಿಸಿ, ತಳದಲ್ಲಿ ನೀರು ತುಂಬಿ ಅದನ್ನು ಅರಳೆಯಿಂದ ತಡೆದು, ಬಾಯಿಗೆ ಇನ್ನೊಂದು ಅರಳೆಯ ಬಿರಡೆ ಹಾಕಿ ಕತ್ತಲಲ್ಲಿಟ್ಟರೆ ಸಾಕು. ಇನ್ನು ಬೇಕಿಲ್ಲವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು ಆಕೆ ಮೊದಲ ಮಕ್ಕಳನ್ನು ಬೆಳೆಸುತ್ತಾಳೆ. ಕೆಲವು ವಾರಗಳಲ್ಲಿ ನಾಲ್ಕಾರು ಪುಟ್ಟ ಕೆಲಸಗಾರ್ತಿಯರು ಹೊರಬಂದು ತಾಯಿಯ ಸೇವೆಗೆ ನಿಲ್ಲುತ್ತಾರೆ. ಸಂಸಾರ ಆರಂಭವಾಯಿತು.

ಹೀಗೆ ಆರಂಭವಾದ ಸಂಸಾರದಲ್ಲಿ ಒಂದು ದಿನ ರಾಣಿಯ ಹೊಟ್ಟೆಯ ಮಡಿಕೆಗಳ ಮೇಲೆ ಬಿಳಿಯ ಅಥವಾ ತಿಳಿಗಂದು ಬಣ್ಣದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ಎರಡು ಮೂರು. ಆಮೇಲೆ ಇಪ್ಪತ್ತು ಮೂವತ್ತು. ಕೆಲಸಗಾರ್ತಿಯೊಬ್ಬಳು ಸತ್ತರೆ ಸಂಸಾರಕ್ಕೆ ಅಂಥ ನಷ್ಟವಿಲ್ಲ. ಆದರೆ ಒಂದೇ ರಾಣಿಯನ್ನು ನೆಚ್ಚಿದ ಸಂಸಾರದಲ್ಲಿ ಆಕೆ ಸತ್ತಳೆಂದರೆ ಹೊಸ ಕೆಲಸಗಾರ್ತಿಯರು ಹುಟ್ಟುವುದು ನಿಂತಿತು. ಉಳಿದವರು ಒಬ್ಬೊಬ್ಬರಾಗಿ ಮುಗಿದರೆ ಕಥೆಯೇ ಮುಗಿಯಿತು. ಆದುದರಿಂದ ಆ ಚುಕ್ಕೆಗಳು ಏನು, ಎಲ್ಲಿಂದ ಬಂದವು, ಅವುಗಳನ್ನು ಏನು ಮಾಡಬೇಕು ಎಂಬುದನ್ನು ನಾವು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಗಾಜಿನ ಗೂಡಿನ ಹಿರಿಯರು

ಇರುವೆಗಳನ್ನು ಗಾಜಿನ ನಡುವೆ ಸಾಕಿ ನೋಡುವ ಪದ್ಧತಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಪ್ರಮುಖನು. ಈತನು ವೃತ್ತಿಯಿಂದ ಬ್ಯಾಂಕಿನವನು, ಪಾರ್ಲಿಮೆಂಟಿನ ಸದಸ್ಯನು, ಚಾರಲ್ಸ್ ಡಾರ್ವಿನ್ನನ ನೆರೆಯವನು. ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣು ಹರಡಿ, ಇರುವೆಗಳು ಅಡಗಿಕೊಳ್ಳಲು ಅವಕಾಶವಿಲ್ಲದಂತೆ ಗೂಡು ಮಾಡಿ, ವರ್ಷಗಟ್ಟಲೆ ಅವುಗಳ ನಡತೆಯನ್ನು ಬರೆದಿಟ್ಟನು. ಅವನ ಗ್ರಂಥ 1882ರಲ್ಲಿ ಪ್ರಕಟವಾಯಿತು. ಅವನು 1874ರಲ್ಲಿ ಹಿಡಿದು ತಂದ ಕಪ್ಪಿರುವೆಯ ರಾಣಿಯೊಂದು 1888ರ ವರೆಗೆ ಬದುಕಿತ್ತು. ಕೀಟವೆಂದರೆ ಒಂದು ಋತುವಿನ ಜೀವವೆಂದು ತಿಳಿದಿದ್ದ ಜನರಿಗೆ ಇದು ಬೆರಗಿನ ಸುದ್ದಿಯಾಯಿತು. ಯೂರೋಪಿನ ಕರಿಯ ತೋಟದಿರುವೆಯ ರಾಣಿಯೊಂದು ಸಾಕಿದ ಗೂಡಿನಲ್ಲಿ 28 ವರ್ಷಕ್ಕೂ ಮಿಕ್ಕಿ ಬದುಕಿದ ದಾಖಲೆಯೂ ಆಮೇಲೆ ಬಂದಿತು. ಎಂದರೆ, ಹೈಸ್ಕೂಲಿನಲ್ಲಿ ಹಿಡಿದಿಟ್ಟ ರಾಣಿಯು ಸಾಕಿದವನ ಮಕ್ಕಳೂ ನೋಡುವಷ್ಟು ಕಾಲ ಬಾಳಬಹುದು! ಅಂಥ ಜೀವವನ್ನು ಮೊದಲ ವರ್ಷದಲ್ಲೇ ನುಸಿಗೆ ಒಪ್ಪಿಸುವುದು ಎಷ್ಟು ದೊಡ್ಡ ನಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ಲಬಕನ ನಂತರ ಫ್ರಾನ್ಸಿನ ಚಾರ್ಲ್ ಜಾನೆ ಎಂಬ ಇಂಜಿನಿಯರನು ಇನ್ನೊಂದು ಸುಧಾರಣೆ ಮಾಡಿದನು. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇವನ ಹೆಸರು ಬೇರೊಂದು ಕಾರಣದಿಂದ ಪರಿಚಯವಿದ್ದೀತು. ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಕ್ರಮವೊಂದು ಇವನದೇ. ಇರುವೆಗಳಿಗಾಗಿ ಇವನು ಪ್ಲಾಸ್ಟರಿನ ಅಚ್ಚಿನಲ್ಲಿ ಸಾಲಾಗಿ ಕೋಣೆಗಳನ್ನು ಮಾಡಿ, ಮೇಲೆ ಗಾಜು ಮುಚ್ಚಿ, ಒಂದು ತುದಿಯಲ್ಲಿ ಮಾತ್ರ ನೀರಿನ ಗುಂಡಿಯನ್ನಿಟ್ಟನು. ನೀರು ಪ್ಲಾಸ್ಟರಿನಲ್ಲಿ ಇಂಗುತ್ತ ಹೋದಂತೆ ಒಂದು ಕೋಣೆ ತೇವ, ನಡುವಿನದು ಅರೆತೇವ, ಕೊನೆಯದು ಒಣ. ಇರುವೆಗಳು ಮೊಟ್ಟೆಮರಿಗಳನ್ನು ಹೊತ್ತು ತಮಗೆ ಹಿತವಾದ ಕೋಣೆಯನ್ನು ತಾವೇ ಆರಿಸಿಕೊಳ್ಳುತ್ತವೆ. ತೇವದ ಈ ಇಳಿಜಾರೇ ನುಸಿಯ ವಿರುದ್ಧ ನಮ್ಮ ಮುಖ್ಯ ಆಯುಧವೆಂಬುದು ಮುಂದೆ ತಿಳಿದುಬರುತ್ತದೆ.

ನುಸಿ ಎಂದರೇನು?

ನುಸಿಯು ಕೀಟವಲ್ಲ. ಜೇಡ, ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದುದು. ಕೀಟಕ್ಕೆ ಆರು ಕಾಲು, ಒಂದು ಜೊತೆ ಮೀಸೆ. ಬೆಳೆದ ನುಸಿಗೆ ಎಂಟು ಕಾಲು, ಮೀಸೆ ಇಲ್ಲ, ಸೊಂಟವೂ ಇಲ್ಲ, ಮೈಯೆಲ್ಲ ಒಂದೇ ಚೀಲ. ಮೊಟ್ಟೆಯಿಂದ ಆಗತಾನೆ ಹೊರಬಿದ್ದ ಮರಿಗೆ ಮಾತ್ರ ಆರೇ ಕಾಲು. ನಮ್ಮ ತೆಂಗಿನ ತೋಟಗಳಿಗೆ 1990ರ ದಶಕದ ಕೊನೆಯಲ್ಲಿ ಕಾಲಿಟ್ಟ ನುಸಿಪೀಡೆಯನ್ನು ಕನ್ನಡಿಗರು ಮರೆತಿರಲಾರರು. ಎಳೆಗಾಯಿಯ ತೊಟ್ಟಿನಡಿ ಅಡಗುವ ಆ ಜಾತಿಗಂತೂ ನಾಲ್ಕೇ ಕಾಲು! ಇಂಥ ವಿನಾಯಿತಿಗಳನ್ನೂ ಒಳಗೊಂಡು 50,000ಕ್ಕೂ ಹೆಚ್ಚು ಜಾತಿಯ ನುಸಿಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಬಿಸಿನೀರಿನ ಬುಗ್ಗೆ, ಹಕ್ಕಿಯ ಗರಿ, ಮನುಷ್ಯನ ರೆಪ್ಪೆಗೂದಲಿನ ಬುಡ, ಹಿಟ್ಟಿನ ಡಬ್ಬಿ — ಅವು ಇಲ್ಲದ ಸ್ಥಳವೇ ಅಪೂರ್ವ. ಇರುವೆಯ ಗೂಡಿನಲ್ಲಿ ವಾಸಿಸುವ ಪರಪ್ರಾಣಿಗಳಲ್ಲೆಲ್ಲ ಸಂಖ್ಯೆಯಲ್ಲಿ ನುಸಿಗಳದೇ ಮೇಲುಗೈ.

ಸವಾರಿಯ ವೇಷ

ರಾಣಿಯ ಮೈಗೆ ಅಂಟಿಕೊಂಡ ಚುಕ್ಕೆಗಳ ಕಥೆ ಒಂದು ಪತ್ತೇದಾರಿ ಪ್ರಕರಣದಂತೆ ಇದೆ. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞರು ಕೀಟಗಳ ಮೈಮೇಲೆ ವಿಚಿತ್ರವಾದ ಒಂದು ಸೂಕ್ಷ್ಮಪ್ರಾಣಿಯನ್ನು ಕಂಡರು. ಅದಕ್ಕೆ ಗಟ್ಟಿಯಾದ ಚಿಪ್ಪಿನ ಬೆನ್ನು ಇತ್ತು. ಹೊಟ್ಟೆಯ ಹಿಂಭಾಗದಲ್ಲಿ ಹೀರುಬಟ್ಟಲುಗಳಿದ್ದ ಫಲಕವಿತ್ತು. ಆದರೆ ಉಣ್ಣಲು ಬಾಯಿಯೇ ಇರಲಿಲ್ಲ! ಇದನ್ನು ಹೈಪೋಪಸ್ ಎಂಬ ಪ್ರತ್ಯೇಕ ಕುಲವೆಂದೇ ಹೆಸರಿಸಿದರು. ಬಾಯಿಲ್ಲದ ಪ್ರಾಣಿ ಬದುಕುವುದು ಹೇಗೆ, ಮರಿಹಾಕುವುದು ಹೇಗೆ ಎಂದು ವಾದಗಳು ನಡೆದವು. ಫ್ರಾನ್ಸಿನ ಮೇನ್ಯಾಂ ಎಂಬ ಪಶುವೈದ್ಯನು ಇದು ಬೇರೆ ಪ್ರಾಣಿಯಲ್ಲ, ಸಾಮಾನ್ಯ ನುಸಿಯ ಬಾಲ್ಯದ ಒಂದು ಮಾರುವೇಷವೆಂದು ಸೂಚಿಸಿದನು. ಇಂಗ್ಲೆಂಡಿನ ಆಲ್ಬರ್ಟ್ ಮೈಕೆಲ್ ಎಂಬಾತನು ನುಸಿಗಳನ್ನು ಸಾಕಿ, ರೂಪಾಂತರಗಳನ್ನು ಕಣ್ಣಾರೆ ಕಂಡು, 1884ರಲ್ಲಿ ಅದನ್ನು ಸಮರ್ಥಿಸಿದನು.

ವಿಷಯವಿಷ್ಟು: ಈ ಬಗೆಯ ನುಸಿಯು ಮೊಟ್ಟೆಯಿಂದ ಮರಿಯಾಗಿ, ಹಲವು ಬಾರಿ ಪೊರೆ ಕಳಚಿ ದೊಡ್ಡದಾಗುತ್ತದೆ. ನಡುವಿನ ಒಂದು ಹಂತದಲ್ಲಿ, ಊಟ ತೀರುವಂತಿದ್ದರೆ ಅಥವಾ ನೆಲೆ ಒಣಗುವಂತಿದ್ದರೆ, ಅದು ಬಾಯಿಲ್ಲದ ಸವಾರನ ವೇಷ ಧರಿಸುತ್ತದೆ. ಹಾದುಹೋಗುವ ಇರುವೆಯನ್ನೋ ಜೀರುಂಡೆಯನ್ನೋ ಹತ್ತಿ, ಹೀರುಬಟ್ಟಲುಗಳಿಂದ ಅಂಟಿಕೊಂಡು, ಬಿಟ್ಟಿಯಾಗಿ ಪ್ರಯಾಣ ಮಾಡುತ್ತದೆ. ಉಣ್ಣುವುದಿಲ್ಲ, ಕಚ್ಚುವುದಿಲ್ಲ, ಬಸ್ಸಿನ ಪ್ರಯಾಣಿಕನಂತೆ ಕುಳಿತಿರುತ್ತದೆ. ತೇವ ಮತ್ತು ಕೊಳೆಯುವ ಪದಾರ್ಥ ಇರುವ ಸ್ಥಳ ಬಂದೊಡನೆ ಇಳಿದು, ವೇಷ ಕಳಚಿ, ಮತ್ತೆ ಬಾಯಿ ಪಡೆದು ಸಂಸಾರ ಹೂಡುತ್ತದೆ. ಅಮೆರಿಕದ ಬೆಂಕಿಯಿರುವೆಯ ರೆಕ್ಕೆಯ ರಾಣಿಯರ ಮೇಲೆ ಹೀಗೆ ಸವಾರಿ ಮಾಡುವ ಒಂದು ಹೊಸ ಜಾತಿಯನ್ನು 2010ರಲ್ಲಷ್ಟೆ ವರ್ಣಿಸಲಾಯಿತು. ಗೂಡು ಬಿಟ್ಟು ಹಾರುವ ರಾಣಿಗಿಂತ ಒಳ್ಳೆಯ ವಾಹನ ನುಸಿಗೆ ಮತ್ತಾವುದು? ನಮ್ಮ ವಿದ್ಯಾರ್ಥಿಯು ಹಿಡಿದು ತಂದ ರಾಣಿಯ ಮೇಲೂ ಸವಾರರು ಮೊದಲೇ ಕುಳಿತಿರುವುದು ಸಹಜ.

ಭಿಕ್ಷುಕ, ಪಾದರಕ್ಷೆ ಮತ್ತು ಸಾಕುಪ್ರಾಣಿ

ಎಲ್ಲ ನುಸಿಯೂ ಪ್ರಯಾಣಿಕನಲ್ಲ. ಜಾನೆ 1897ರಲ್ಲಿ ನೆಲದಡಿ ವಾಸಿಸುವ ಹಳದಿ ಇರುವೆಯೊಂದರ ಮೈಮೇಲೆ ಬದುಕುವ ಆಂಟೆನ್ನೋಫೋರಸ್ ಎಂಬ ನುಸಿಯನ್ನು ವರ್ಣಿಸಿದನು. ಇದರ ಮುಂಗಾಲುಗಳು ಮೀಸೆಯಂತೆ ಉದ್ದ. ಒಂದೇ ನುಸಿಯಿದ್ದರೆ ಅದು ಇರುವೆಯ ಗದ್ದದ ಕೆಳಗೆ ಕುಳಿತುಕೊಳ್ಳುತ್ತದೆ. ಎರಡಿದ್ದರೆ ಎಡಕ್ಕೊಂದು ಬಲಕ್ಕೊಂದು. ಮೂರಿದ್ದರೆ ಗದ್ದದಡಿ ಒಂದು, ಹೊಟ್ಟೆಯ ಎರಡು ಪಕ್ಕದಲ್ಲಿ ಎರಡು. ಹೇರು ಎತ್ತಿನ ಬೆನ್ನ ಮೇಲೆ ಸಮತೂಕವಾಗಿರಬೇಕೆಂಬ ನಮ್ಮ ರೈತನ ಜ್ಞಾನ ಇದಕ್ಕೂ ಉಂಟು! ಎರಡು ಇರುವೆಗಳು ಬಾಯಿಗೆ ಬಾಯಿ ಕೊಟ್ಟು ಆಹಾರ ಹಂಚಿಕೊಳ್ಳುವಾಗ ಇದು ನಡುವೆ ತಲೆ ಹಾಕುತ್ತದೆ. ಇಲ್ಲವೆ ಮುಂಗಾಲಿನಿಂದ ಇರುವೆಯ ಮುಖವನ್ನು ಸವರಿ ಒಂದು ತೊಟ್ಟು ಭಿಕ್ಷೆ ಪಡೆಯುತ್ತದೆ.

ಅಮೆರಿಕದ ಉಷ್ಣವಲಯದ ದಂಡಿರುವೆಗಳಲ್ಲಿ ಇನ್ನೂ ವಿಚಿತ್ರವಾದ ಸಂಬಂಧವೊಂದನ್ನು ಕಾರ್ಲ್ ರೆಟೆನ್‌ಮಯರ್ ಅವರು ಕಂಡರು. ಆ ನುಸಿಗೆ 1962ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಅದು ಇರುವೆಯ ಹಿಂಗಾಲಿನ ಪಾದಕ್ಕೆ ಅಂಟಿಕೊಂಡು ರಕ್ತ ಹೀರುತ್ತದೆ. ದಂಡಿರುವೆಗಳು ಕಾಲುಗುರುಗಳಿಂದ ಒಂದನ್ನೊಂದು ಹಿಡಿದು ತಮ್ಮ ದೇಹಗಳಿಂದಲೇ ಗೂಡು ಕಟ್ಟುವಾಗ, ಆ ನುಸಿಯ ಬಾಗಿದ ಹಿಂಗಾಲುಗಳೇ ಇರುವೆಯ ಉಗುರಿನ ಕೆಲಸ ಮಾಡುತ್ತವೆ. ರಕ್ತ ಹೀರುವ ಜೀವವೇ ಪಾದರಕ್ಷೆಯಾಗಿಯೂ ಸೇವೆ ಸಲ್ಲಿಸುವ ಉದಾಹರಣೆಯಿದು. ಈ ವಿಜ್ಞಾನಿಯ ಮರಣಾನಂತರ 2011ರಲ್ಲಿ ಹೊರಬಂದ ಪಟ್ಟಿಯಲ್ಲಿ ಒಂದೇ ಜಾತಿಯ ದಂಡಿರುವೆಯೊಡನೆ ಬಾಳುವ 300ಕ್ಕೂ ಹೆಚ್ಚು ಬಗೆಯ ಪ್ರಾಣಿಗಳ ಲೆಕ್ಕವಿದೆ. ನುಸಿಗಳ ಪಾಲು ಅದರಲ್ಲಿ ಸಣ್ಣದಲ್ಲ.

ಜಾವಾ ದ್ವೀಪದ ಒಂದು ಸಣ್ಣ ಇರುವೆಯಾದರೋ ನುಸಿಯನ್ನು ಹಸುವಿನಂತೆ ಸಾಕುತ್ತದೆ. ಜಪಾನಿನ ಫುಮಿನೊರಿ ಇತೊ ಮತ್ತು ಸಂಗಡಿಗರು 1994ರಲ್ಲಿ ತಿಳಿಸಿದಂತೆ, ಆ ಇರುವೆಗಳು ನುಸಿಯನ್ನು ನೆಕ್ಕಿ ಶುಚಿಮಾಡುತ್ತವೆ, ಹೊತ್ತು ಸಾಗಿಸುತ್ತವೆ, ಮೊಟ್ಟೆಯಿಡುವಾಗ ಸೂಲಗಿತ್ತಿಯಂತೆ ನೆರವಾಗುತ್ತವೆ. ಆಹಾರದ ಬರ ಬಂದಾಗ ಮಾತ್ರ ಸಾಕಿದ ನುಸಿಯನ್ನೇ ತಿನ್ನುವುದೂ ಉಂಟು. ಇಷ್ಟು ನಿದರ್ಶನಗಳನ್ನು ನಾವು ಕೊಡಲು ಕಾರಣವಿದೆ. ನುಸಿ ಕಂಡೊಡನೆ ಶತ್ರುವೆಂದು ಮದ್ದು ಹಿಡಿದು ಹೊರಡುವುದು ವಿವೇಕವಲ್ಲ. ಬಂದವರು ಯಾರೆಂದು ಮೊದಲು ತಿಳಿಯಬೇಕು.

ಗಾಜಿನ ಗೂಡಿನಲ್ಲಿ ಪೀಡೆಯಾಗುವುದೇಕೆ?

ಕಾಡಿನಲ್ಲಿ ಶತಮಾನಗಳಿಂದ ಹೊಂದಿಕೊಂಡು ಬಂದ ನುಸಿಯು ನಮ್ಮ ಮೇಜಿನ ಮೇಲೆ ಕೊಲೆಗಾರನಾಗುವುದೇಕೆ? ಉತ್ತರವು ನುಸಿಯಲ್ಲಿಲ್ಲ, ಗೂಡಿನಲ್ಲಿದೆ. ಇರುವೆಗಳು ಸ್ವಭಾವತಃ ಬಹಳ ಶುಚಿ. ಮುಂಗಾಲಿನಲ್ಲಿರುವ ಬಾಚಣಿಗೆಯಿಂದ ಮೀಸೆಯನ್ನು ದಿನಕ್ಕೆ ಅನೇಕ ಬಾರಿ ತಿಕ್ಕಿಕೊಳ್ಳುತ್ತವೆ, ಒಂದನ್ನೊಂದು ನೆಕ್ಕುತ್ತವೆ, ಹೆಣ ಮತ್ತು ಕಸವನ್ನು ಗೂಡಿನಿಂದ ದೂರ ಸಾಗಿಸಿ ತಿಪ್ಪೆ ಹಾಕುತ್ತವೆ, ಕೋಣೆ ಕೆಟ್ಟರೆ ಬೇರೆ ಕೋಣೆಗೆ, ಅದೂ ಕೆಟ್ಟರೆ ಬೇರೆ ನೆಲಕ್ಕೆ ಗುಳೆ ಹೋಗುತ್ತವೆ. ಗಾಜಿನ ಗೂಡಿನಲ್ಲಿ ದೂರವೆಂಬುದೇ ಇಲ್ಲ. ತಿಪ್ಪೆ, ಅಡಿಗೆಮನೆ, ತೊಟ್ಟಿಲು ಎಲ್ಲ ನಾಲ್ಕು ಅಂಗುಲದೊಳಗೆ. ಅದರ ಮೇಲೆ, ಸಾಕುವವನ ಅತಿಪ್ರೀತಿಯಿಂದ ಊಟ ಹೆಚ್ಚು, ನೀರು ಹೆಚ್ಚು. ತಿನ್ನದೆ ಉಳಿದ ಜಿರಳೆಯ ತುಂಡು ಬೂಷ್ಟು ಹಿಡಿಯುತ್ತದೆ. ಬೂಷ್ಟು ನುಸಿಗೆ ಹಬ್ಬದೂಟ.

ಹಿತವಾದ ಶಾಖ ಮತ್ತು ತೇವಗಳಿದ್ದರೆ ಇಂಥ ನುಸಿ ಎರಡು ಮೂರು ವಾರಗಳಲ್ಲೇ ಮೊಟ್ಟೆಯಿಂದ ಪ್ರಾಯಕ್ಕೆ ಬರುತ್ತದೆ. ಒಂದು ಹೆಣ್ಣಿಗೆ 50 ಹೆಣ್ಣುಮರಿಗಳು ಉಳಿದವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎರಡನೆಯ ತಲೆಮಾರಿಗೆ 2,500, ಮೂರನೆಯದಕ್ಕೆ 1,25,000. ಕಾಲ ಇನ್ನೂ ಎರಡು ತಿಂಗಳಿಗೆ ಮಿಕ್ಕಿರುವುದಿಲ್ಲ! ಊಟ ತೀರಿದಾಗ ಈ ಸೈನ್ಯವೆಲ್ಲ ಸವಾರನ ವೇಷ ಹಾಕಿದರೆ ಹತ್ತಲು ಇರುವುದು ನಾಲ್ಕಾರು ಇರುವೆ ಮತ್ತು ಒಬ್ಬ ರಾಣಿ. ಕಚ್ಚದ ಪ್ರಯಾಣಿಕರಾದರೂ ಬಾಯಿಯ ಸುತ್ತ, ಕೀಲುಗಳಲ್ಲಿ, ಉಸಿರುರಂಧ್ರಗಳ ಬಳಿ ಕಿಕ್ಕಿರಿದರೆ ರಾಣಿಯು ಉಣ್ಣಲಾರಳು, ನಡೆಯಲಾರಳು. ಕಟ್ಟಿರುವೆಯ ಕುಲಕ್ಕೆ ಮತ್ತೊಂದು ಕೊರತೆಯೂ ಉಂಟು. ಅನೇಕ ಇರುವೆಗಳ ಎದೆಯ ಹಿಂಭಾಗದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಸವನ್ನೊಸರುವ ಗ್ರಂಥಿಯಿದೆ. ಕಟ್ಟಿರುವೆಯ ಕುಲದ ಬಹುಪಾಲು ಜಾತಿಗಳಲ್ಲಿ ಆ ಗ್ರಂಥಿಯೇ ಇಲ್ಲ. ಆದುದರಿಂದ ಅವುಗಳ ಗೂಡಿನಲ್ಲಿ ಬೂಷ್ಟನ್ನು ತಡೆಯುವುದು ಸಾಕುವವನ ಹೊಣೆಯೂ ಹೌದು.

ಮೊದಲು ಗುರುತು, ಆಮೇಲೆ ಚಿಕಿತ್ಸೆ

ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಇದ್ದರೆ ಕೆಲಸ ಆರಂಭಿಸಬಹುದು. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ಅದು ನಿಜವಾಗಿಯೂ ನುಸಿಯೇ? ಒದ್ದೆಯಾದ ಗೂಡುಗಳಲ್ಲಿ ಬಿಳಿಯ, ಉದ್ದನೆಯ, ಮೀಸೆಯುಳ್ಳ ಪುಟ್ಟ ಜೀವಿಗಳು ಓಡಾಡುವುದುಂಟು. ಕುಂಚದಿಂದ ಮುಟ್ಟಿದರೆ ಇವುಗಳಲ್ಲಿ ಹಲವು ಬಾಲದಡಿಯ ಚಿಮ್ಮುಗೋಲಿನಿಂದ ಪುಟನೆ ಹಾರುತ್ತವೆ. ಇವಕ್ಕೆ ಸ್ಪ್ರಿಂಗ್‌ಟೇಲ್ ಎಂದು ಹೆಸರು. ಇವು ಬೂಷ್ಟನ್ನು ತಿಂದು ಗೂಡನ್ನು ಶುಚಿಯಾಗಿಡುವ ಜಾಡಮಾಲಿಗಳು. ಇವನ್ನು ಕೊಲ್ಲುವುದು ಉಪಕಾರಿಗೆ ಅಪಕಾರ ಮಾಡಿದಂತೆ.

ಎರಡನೆಯದು, ಅದು ಎಲ್ಲಿದೆ? ತಿಪ್ಪೆಯಲ್ಲಿ, ಉಳಿದ ಆಹಾರದಲ್ಲಿ ಮಾತ್ರ ಓಡಾಡುತ್ತಿದ್ದರೆ ಅದು ಕಸ ತಿನ್ನುವ ನುಸಿ. ಗೂಡು ಕೊಳೆಯಾಗಿದೆಯೆಂಬ ಎಚ್ಚರಿಕೆಯ ಗಂಟೆ. ಇರುವೆಯ ಮೈಮೇಲೆ ಅಲುಗಾಡದೆ, ಗುಂಪುಗುಂಪಾಗಿ, ತಲೆಯೆಲ್ಲ ಒಂದೇ ದಿಕ್ಕಿಗೆ ಮಾಡಿ ಅಂಟಿಕೊಂಡಿದ್ದರೆ ಬಹುಶಃ ಸವಾರರು.

ಮೂರನೆಯದು, ದಿನದಿನಕ್ಕೆ ಅದು ಬದಲಾಗುತ್ತಿದೆಯೇ? ಅಂಟಿಕೊಂಡ ಚುಕ್ಕೆ ಉಬ್ಬುತ್ತಿದ್ದರೆ, ಮರಿಹುಳುಗಳು ಬಣ್ಣಗೆಟ್ಟು ಸುಕ್ಕಾಗುತ್ತಿದ್ದರೆ, ಅದು ರಸ ಹೀರುವ ಪರೋಪಜೀವಿಯಾಗಿರಬೇಕು. ಇಂಥವುಗಳಲ್ಲಿ ಹುಲ್ಲುನುಸಿಯು ಅತ್ಯಂತ ಕ್ರೂರ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹೆಣ್ಣು ತನ್ನ ವಿಷದಿಂದ ದೊಡ್ಡ ಕೀಟವನ್ನೂ ಜಡವಾಗಿಸಿ ರಸ ಹೀರುತ್ತದೆ. ಹೀರಿದಂತೆ ಅದರ ಹೊಟ್ಟೆ ಮುತ್ತಿನಂತೆ ಗುಂಡಗಾಗುತ್ತದೆ. ಅದರೊಳಗೇ ಮರಿಗಳು ಪ್ರಾಯಕ್ಕೆ ಬಂದು ಹೊರಬೀಳುತ್ತವೆ. ಮನುಷ್ಯನನ್ನು ಕಚ್ಚಿದರೆ ತುರಿಕೆಯ ದದ್ದುಗಳೇಳುತ್ತವೆ. ಇಂಥದು ಕಂಡರೆ ಬರಿಗೈಯಿಂದ ಮುಟ್ಟದೆ, ಆ ಗೂಡನ್ನು ಇತರ ಗೂಡುಗಳಿಂದ ಕೂಡಲೆ ಬೇರ್ಪಡಿಸತಕ್ಕದ್ದು.

ಐದು ಉಪಾಯಗಳು

ಒಂದು, ಅನ್ನವನ್ನು ಕತ್ತರಿಸುವುದು. ಇರುವೆಗಳ ಅನ್ನವನ್ನಲ್ಲ, ನುಸಿಯದನ್ನು. ಒಂದು ಹೊತ್ತಿಗೆ ತಿನ್ನುವಷ್ಟೆ ಕೊಟ್ಟು, ಮರುದಿನ ಉಳಿದುದನ್ನು ತೆಗೆಯಬೇಕು. ತಿಪ್ಪೆಯನ್ನೂ ಕುಂಚದಿಂದ ಗುಡಿಸಿ ತೆಗೆಯಬೇಕು. ಹೊರಗಿನಿಂದ ತಂದ ಹುಳುಹುಪ್ಪಟೆಗಳೇ ನುಸಿಯ ಮುಖ್ಯ ವಾಹನ. ಅವನ್ನು ಕುದಿಯುವ ನೀರಿನಲ್ಲಿ ಅದ್ದಿ, ಇಲ್ಲವೆ ಶೀತಪೆಟ್ಟಿಗೆಯ ಹಿಮದ ಖಾನೆಯಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಎರಡು ಮೂರು ದಿನವಿಟ್ಟು, ಬಳಿಕ ಕರಗಿಸಿ ಕೊಡಬೇಕು.

ಎರಡು, ಒಣಗಿಸುವುದು. ಕಾಳುಹಿಟ್ಟಿನ ನುಸಿಗಳೂ ಅವುಗಳ ಬಳಗದವೂ ನೀರನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಗಾಳಿಯ ತೇವವನ್ನು ಹೀರಿ ಬದುಕುತ್ತವೆ. ಸಾಪೇಕ್ಷ ಆರ್ದ್ರತೆಯು ಸುಮಾರು ಶೇಕಡ 65ಕ್ಕಿಂತ ಕೆಳಗಿಳಿದು ಹಾಗೆಯೇ ನಿಂತರೆ ಅವು ಕ್ರಮೇಣ ಒಣಗಿ ಸಾಯುತ್ತವೆ. ಇರುವೆಯ ಮೈಮೇಲಾದರೋ ಮೇಣದ ಲೇಪವಿದೆ. ಕುಡಿಯಲು ನೀರಿದ್ದರೆ ಕಟ್ಟಿರುವೆಯು ಒಣಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಜಾನೆಯ ತತ್ತ್ವ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಗೂಡಿನ ಒಂದು ಮೂಲೆಯಷ್ಟೆ ತೇವವಾಗಿರಲಿ, ಉಳಿದುದೆಲ್ಲ ಒಣಗಲಿ. ಮೊಟ್ಟೆಮರಿಗಳಿಗೆ ಎಷ್ಟು ತೇವ ಬೇಕೆಂಬುದನ್ನು ಇರುವೆಗಳೇ ನಿರ್ಧರಿಸಲಿ. ಆರ್ದ್ರತಾಮಾಪಕ ಸರಿಯಾಗಿದೆಯೇ ಎಂದು ನೋಡಲು ಸುಲಭವಾದ ಪ್ರಯೋಗವುಂಟು. ಅಡಿಗೆಯ ಉಪ್ಪನ್ನು ಕರಗದೆ ಸ್ವಲ್ಪ ಉಳಿಯುವಂತೆ ನೀರಿನಲ್ಲಿ ಕಲಸಿ, ಮುಚ್ಚಿದ ಡಬ್ಬಿಯಲ್ಲಿ ಮಾಪಕದ ಪಕ್ಕದಲ್ಲಿಟ್ಟರೆ ಕೆಲವು ಗಂಟೆಗಳ ಮೇಲೆ ಅದು ಶೇಕಡ 75ನ್ನು ತೋರಿಸಬೇಕು. ಒಂದು ಎಚ್ಚರಿಕೆ: ಸವಾರನ ವೇಷದ ನುಸಿಯು ಬರಗಾಲಕ್ಕೆಂದೇ ಹುಟ್ಟಿದ ರೂಪ, ಒಣಗಾಳಿಗೆ ಅದು ಬೇಗ ಬಗ್ಗುವುದಿಲ್ಲ. ಆದರೆ ಇಳಿಯಲು ಒದ್ದೆ ನೆಲವಿಲ್ಲದಿದ್ದರೆ ಅದರ ಸಂತಾನ ಬೆಳೆಯುವುದಿಲ್ಲ.

ಮೂರು, ಮನೆ ಬದಲಾಯಿಸುವುದು. ಹೊಸ ಶುಚಿಯಾದ ಪ್ರನಾಳವನ್ನು ಹಳೆಯದರ ಬಾಯಿಗೆ ಜೋಡಿಸಿ, ಹೊಸದನ್ನು ಕತ್ತಲಾಗಿಸಿ, ಹಳೆಯದರ ಮೇಲೆ ಬೆಳಕು ಬೀಳಿಸಬೇಕು. ತಳ್ಳಬಾರದು, ಅಲುಗಿಸಬಾರದು. ಒಂದು ರಾತ್ರಿಯಲ್ಲೋ ಒಂದು ವಾರದಲ್ಲೋ ಅವು ಮೊಟ್ಟೆಮರಿಗಳನ್ನು ಹೊತ್ತು ತಾವೇ ಹೋಗುತ್ತವೆ. ತಿಪ್ಪೆಯ ನುಸಿಗಳು ಹಳೆಯ ಮನೆಯಲ್ಲೇ ಉಳಿಯುತ್ತವೆ. ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಹೀಗೆ ಮಾಡಿದರೆ ನುಸಿಯ ಸಂಖ್ಯೆ ಗಮನಾರ್ಹವಾಗಿ ಇಳಿಯುತ್ತದೆ. ಹಳೆಯ ಪ್ರನಾಳವನ್ನು ಕುದಿಸಿ ತೊಳೆಯಬೇಕು.

ನಾಲ್ಕು, ಕೈಯಿಂದ ತೆಗೆಯುವುದು. ರಾಣಿಯ ಜೀವಕ್ಕೇ ಅಪಾಯವೆಂದು ಕಂಡಾಗ ಮಾತ್ರ ಇದನ್ನು ಮಾಡಬೇಕು. ರಾಣಿಯಿರುವ ಸಣ್ಣ ಸೀಸೆಯನ್ನು ಶೀತಪೆಟ್ಟಿಗೆಯ ಕೆಳಖಾನೆಯಲ್ಲಿ, 4–5 ಡಿಗ್ರಿಯಲ್ಲಿ, ಚಲನೆ ನಿಧಾನವಾಗುವಷ್ಟು ಕೆಲವೇ ನಿಮಿಷ ಇಡಬೇಕು. ಹಿಮದ ಖಾನೆ ಕೂಡದು. ಬಳಿಕ ನಾಲ್ಕಾರು ಕೂದಲಿನ ಅತಿ ಸಣ್ಣ ಚಿತ್ರಕುಂಚವನ್ನು ಲೇಸಾಗಿ ಒದ್ದೆಮಾಡಿ, ಸೂಕ್ಷ್ಮದರ್ಶಕದಡಿ ಒಂದೊಂದೇ ನುಸಿಯನ್ನು ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಚಿಮುಟವು ಇರುವೆಯ ಕಾಲನ್ನು ಮುರಿದೀತು. ಎಲ್ಲವನ್ನೂ ತೆಗೆಯುವ ಹಟ ಬೇಡ. ಬಾಯಿ, ಕಣ್ಣು, ಕೀಲುಗಳು ಬಿಡುವಾದರೆ ಉಳಿದ ಕೆಲಸವನ್ನು ಕೆಲಸಗಾರ್ತಿಯರು ಮಾಡಿಕೊಳ್ಳುತ್ತಾರೆ.

ಐದು, ಮುಳ್ಳಿನಿಂದ ಮುಳ್ಳು ತೆಗೆಯುವುದು. ನುಸಿಗಳಲ್ಲಿಯೂ ಬೇಟೆಗಾರರುಂಟು. ಮಣ್ಣಿನಲ್ಲಿ ವಾಸಿಸುವ ಸ್ಟ್ರಾಟಿಯೋಲೀಲಾಪ್ಸ್ ಎಂಬ ಕಂದುಬಣ್ಣದ ನುಸಿಯನ್ನು ಹಲವು ದೇಶಗಳಲ್ಲಿ ಗಾಜಿನ ಮನೆಯ ಬೆಳೆಗಳಿಗಾಗಿ ಮಾರುತ್ತಾರೆ. ಇದು ಸಣ್ಣ ನುಸಿಗಳನ್ನೂ ಮೊಟ್ಟೆಗಳನ್ನೂ ಹುಡುಕಿ ತಿನ್ನುತ್ತದೆ. ಬೇಟೆ ಮುಗಿದರೆ ತಾನೂ ಹಸಿವಿನಿಂದ ಅಳಿಯುತ್ತದೆ. ಆದರೆ ಇದಕ್ಕೂ ತೇವ ಬೇಕು. ಗೂಡನ್ನು ಒಣಗಿಸುತ್ತ ಇದನ್ನೂ ಬಿಟ್ಟರೆ ಬೇಟೆಗಾರನೇ ಮೊದಲು ಸಾಯುತ್ತಾನೆ; ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಒಬ್ಬಳೇ ರಾಣಿಯು ಮೊದಲ ಮೊಟ್ಟೆಗಳನ್ನು ಕಾಯುತ್ತಿರುವ ಗೂಡಿಗೆ ಇದನ್ನು ಬಿಡದಿರುವುದೇ ಲೇಸು. ಎಲ್ಲ ಬೇಟೆನುಸಿಯೂ ಎಲ್ಲ ನುಸಿಯನ್ನೂ ತಿನ್ನುವುದಿಲ್ಲ. ಚಿಲಿಯಿಂದ ಬಂದ ಆರ್ಕಿಡ್ ಗಿಡಗಳೊಡನೆ ಜರ್ಮನಿಯನ್ನು ಸೇರಿ 1958ರಲ್ಲಿ ಪತ್ತೆಯಾದ ಪ್ರಸಿದ್ಧ ಬೇಟೆನುಸಿಯು ಎಲೆಗಳ ಮೇಲಿನ ಜೇಡನುಸಿಯನ್ನು ಬಿಟ್ಟು ಬೇರೊಂದನ್ನು ಅರಸುವುದಿಲ್ಲ. ಇರುವೆಯ ಗೂಡಿನಲ್ಲಿ ಅದರಿಂದ ಪ್ರಯೋಜನವಿಲ್ಲ.

ವಿಷವೇಕೆ ಬೇಡ?

ನುಸಿನಾಶಕವೆಂದು ಮಾರುವ ಮದ್ದನ್ನು ಸಿಂಪಡಿಸಿದರೆ ಮುಗಿಯಿತಲ್ಲ ಎಂದು ಕೆಲವರು ಕೇಳಬಹುದು. ಮುಗಿಯುವುದು ನಿಜ, ಇರುವೆಗಳೂ ಕೂಡ. ನುಸಿಯೂ ಇರುವೆಯೂ ಕೀಲುಗಾಲಿನ ಪ್ರಾಣಿಗಳೇ. ಅಂಥ ಅನೇಕ ವಿಷಗಳು ಎರಡರ ನರಗಳನ್ನೂ ಕೆಡಿಸುತ್ತವೆ. ಮೈಯನ್ನು ನೆಕ್ಕಿ ಬಾಯಿಗೆ ಬಾಯಿ ಕೊಟ್ಟು ಉಣ್ಣುವ ಸಂಸಾರದಲ್ಲಿ ಒಬ್ಬರಿಗೆ ತಾಗಿದ ವಿಷ ಎಲ್ಲರಿಗೂ ಹಂಚಿಹೋಗುತ್ತದೆ.

ಜೇನು ಸಾಕುವವರು ವರೋವಾ ಎಂಬ ನುಸಿಯನ್ನು ಕೊಲ್ಲಲು ಫಾರ್ಮಿಕ್ ಆಮ್ಲದ ಆವಿಯನ್ನು ಬಳಸುತ್ತಾರೆ. ಈ ಆಮ್ಲಕ್ಕೆ ಲ್ಯಾಟಿನ್ ಭಾಷೆಯ ಇರುವೆಯ ಹೆಸರೇ ಬಂದಿದೆ. ಇರುವೆಗಳನ್ನು ಬಟ್ಟಿಯಿಳಿಸಿದಾಗ ದೊರೆತ ಈ ಹುಳಿರಸದ ವಿಷಯವನ್ನು 1670–71ರಲ್ಲಿಯೇ ಇಂಗ್ಲೆಂಡಿನ ಜಾನ್ ರೇ ಬರೆದನು. ಕಟ್ಟಿರುವೆಯ ಕುಲದವು ತಮ್ಮ ಈ ಆಮ್ಲವನ್ನು ತಾವೇ ನುಂಗಿ, ಊಟದೊಡನೆ ಬಂದ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾದರೆ ಆಮ್ಲವನ್ನು ನಾವೂ ಗೂಡಿಗೆ ಹಾಕಬಹುದೆ? ಖಂಡಿತ ಬಾರದು. ಜೇನಿನ ಪೆಟ್ಟಿಗೆ ದೊಡ್ಡದು, ಗಾಳಿಯಾಡುವಂಥದು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಕೆಣಕಿದ ಇರುವೆಗಳು ತಮ್ಮದೇ ಆಮ್ಲದ ಆವಿಯಿಂದ ಸಾಯುವುದುಂಟು. ನಿಂಬೆಯ ಹೋಳನ್ನು ಗೂಡಿನಲ್ಲಿಡುವ ರೂಢಿಯೂ ಹವ್ಯಾಸಿಗಳಲ್ಲಿದೆ. ಅದನ್ನು ಇಡುವವರು ಅದೇ ಹೊತ್ತಿಗೆ ಗೂಡನ್ನೂ ಗುಡಿಸಿ ಶುಚಿಮಾಡಿರುತ್ತಾರೆ. ಆದುದರಿಂದ ಕೀರ್ತಿ ನಿಂಬೆಯದೋ ಪೊರಕೆಯದೋ ಎಂದು ಕೇಳಬೇಕಾಗುತ್ತದೆ. ಇಂಥ ಮಾತನ್ನು ನಂಬುವ ಮೊದಲು ಎರಡು ಗೂಡುಗಳನ್ನಿಟ್ಟು, ಒಂದಕ್ಕೆ ಮಾತ್ರ ನಿಂಬೆ ಹಾಕಿ, ಉಳಿದೆಲ್ಲವನ್ನೂ ಸಮವಾಗಿಟ್ಟು ನುಸಿಗಳನ್ನು ಎಣಿಸಿ ನೋಡುವುದೇ ವಿಜ್ಞಾನದ ದಾರಿ.

ಗೂಡಿನಾಚೆಯ ಹೊಣೆ

ವರೋವಾ ನುಸಿಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ಅದು ಮೂಲದಲ್ಲಿ ನಮ್ಮ ಏಷ್ಯದ ತುಡುವೆ ಜೇನಿನ ಮೇಲೆ ಬದುಕುತ್ತಿದ್ದಿತು. ತುಡುವೆಯು ಅದರೊಡನೆ ಬಾಳಲು ಕಲಿತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನು ಜೇನುಪೆಟ್ಟಿಗೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದಾಗ ಅದು ಯೂರೋಪಿನ ಜೇನಿಗೆ ಹತ್ತಿ, ಬಹುತೇಕ ಭೂಮಂಡಲವನ್ನೇ ಸುತ್ತಿ, ಲಕ್ಷಾಂತರ ಜೇನುಸಂಸಾರಗಳನ್ನು ಅಳಿಸಿತು. ಬಹುಕಾಲ ಅದರಿಂದ ಪಾರಾಗಿದ್ದ ಆಸ್ಟ್ರೇಲಿಯದಲ್ಲಿಯೂ 2022ರಲ್ಲಿ ಕಾಣಿಸಿಕೊಂಡಿತು.

ಇಂದು ಇರುವೆಯ ರಾಣಿಯರೂ ಪ್ರಪಂಚದ ಸಂತೆಗೆ ಬಂದಿದ್ದಾರೆ. ಕೆನ್ಯ ದೇಶದಲ್ಲಿ 2025ರಲ್ಲಿ ಇಬ್ಬರು ಬೆಲ್ಜಿಯಂ ತರುಣರ ಬಳಿ ಸುಮಾರು 5,000 ಇರುವೆರಾಣಿಯರು ಅರಳೆ ತುಂಬಿದ ಪ್ರನಾಳಗಳಲ್ಲಿ ದೊರೆತರು. ನ್ಯಾಯಾಲಯವು ಹತ್ತು ಲಕ್ಷ ಕೆನ್ಯ ಷಿಲ್ಲಿಂಗುಗಳ ದಂಡ ವಿಧಿಸಿತು. ಅಂಥ ಪ್ರತಿಯೊಂದು ರಾಣಿಯೂ ಸಂಗಡ ಸವಾರರನ್ನು ಹೊತ್ತು ಹೊಸ ಖಂಡಕ್ಕೆ ಇಳಿಯಬಹುದಾಗಿತ್ತು. ಆದುದರಿಂದ ನಾವು ಸಾಕುವ ಇರುವೆ ನಮ್ಮ ಊರಿನದೇ ಆಗಿರಲಿ. ನುಸಿ ಹತ್ತಿದ ಗೂಡಿನ ಕಸವನ್ನು ಹಿತ್ತಿಲಿಗೆ ಎಸೆಯದೆ ಕುದಿಯುವ ನೀರು ಸುರಿದು ಚೆಲ್ಲಬೇಕು. ಬೇಸರವಾಯಿತೆಂದು ದೂರದಿಂದ ತಂದ ಸಂಸಾರವನ್ನು ಹೊಲಕ್ಕೆ ಬಿಡುವುದು ದಯೆಯಲ್ಲ. ಹೊಲದ ಇರುವೆಗಳಿಗೆ ಅದು ಶಾಪವಾದೀತು.

ಇರುವೆ ಸಾಕುವವನ ಬಳಿ ಒಂದು ದಿನಚರಿ ಪುಸ್ತಕವಿರಬೇಕು. ದಿನಾಂಕ, ಗೂಡಿನ ಆರ್ದ್ರತೆ, ಕೊಟ್ಟ ಆಹಾರ, ರಾಣಿಯ ಮೈಮೇಲಿನ ನುಸಿಗಳ ಸಂಖ್ಯೆ, ಅವು ಕುಳಿತ ಸ್ಥಾನ — ಇಷ್ಟನ್ನು ವಾರಕ್ಕೆರಡು ಸಲ ಬರೆದರೆ ಸಾಕು. ಸಂಖ್ಯೆ ಏರಿದೆಯೋ ಇಳಿದಿದೆಯೋ ಎಂಬುದನ್ನು ಕಣ್ಣಿನ ಅಂದಾಜಿಗಿಂತ ಆ ಪುಸ್ತಕ ಸರಿಯಾಗಿ ಹೇಳುತ್ತದೆ. ಲಬಕನು ಬ್ಯಾಂಕಿನ ಕೆಲಸದ ನಡುವೆ ಮಾಡಿದುದೂ ಇದನ್ನೇ, ಮೈಕೆಲನು ಬಾಯಿಲ್ಲದ ಪ್ರಾಣಿಯ ಗುಟ್ಟನ್ನು ಬಿಡಿಸಿದುದೂ ಹೀಗೆಯೇ. ಇರುವೆಗಳ ಹೆಸರಿಟ್ಟ ಜಾತಿಗಳೇ 14,000ಕ್ಕೂ ಹೆಚ್ಚಿವೆ. ಅವುಗಳ ಮೇಲಿನ ಸವಾರರಲ್ಲಿ ಹೆಸರಿಲ್ಲದವರು ಇನ್ನೂ ಅನೇಕ. ಮುಂಗಾರಿನ ಒಂದು ಸಂಜೆ ಹಿಡಿದ ಕಟ್ಟಿರುವೆಯ ಮೈಮೇಲೆ, ಇದುವರೆಗೆ ಯಾರೂ ವರ್ಣಿಸದ ನುಸಿಯೊಂದು ನಮ್ಮ ವಿದ್ಯಾರ್ಥಿಗಳ ಭೂತಗನ್ನಡಿಗಾಗಿ ಕಾದು ಕುಳಿತಿದ್ದರೆ ಆಶ್ಚರ್ಯವೇನೂ ಇಲ್ಲ.